ಹುಳು ತಿಂದ ಎಲೆಯಲ್ಲಿ ಕಾಡಿನ ಚರಿತ್ರೆ

ಕೋಪರಖೈರಣೆಯ ಪಶ್ಚಿಮಕ್ಕೆ ಥಾಣೆ ಖಾಡಿ. ಅದರ ದಡದುದ್ದಕ್ಕೂ ಹಬ್ಬಿರುವ ಕಾಂಡ್ಲಾ ವನದಲ್ಲಿ ಹೆಚ್ಚಾಗಿ ಕಾಣುವುದು ಮರಾಠಿ ಜನ ‘ತಿವರ’ ಎಂದು ಕರೆಯುವ ಮರ. ಸಸ್ಯಶಾಸ್ತ್ರಜ್ಞರು ಇದಕ್ಕೆ ಕೊಟ್ಟ ಹೆಸರು ಅವಿಸೆನ್ನಿಯಾ ಮರೀನಾ. ಮಳೆಗಾಲ ಮುಗಿಯುತ್ತ ಬರುವ ಸೆಪ್ಟೆಂಬರ್ ತಿಂಗಳ ಸುಮಾರಿಗೆ, ಕೆಲವು ವರ್ಷಗಳಲ್ಲಿ, ಈ ಹಸಿರು ವನದ ದೊಡ್ಡ ದೊಡ್ಡ ಭಾಗಗಳು ಕೆಲವೇ ದಿನಗಳಲ್ಲಿ ಕಂದುಬಣ್ಣಕ್ಕೆ ತಿರುಗುವುದುಂಟು. ಬೆಳಗಿನ ವಾಯುವಿಹಾರಕ್ಕೆ ಬಂದವರು ನಿಂತು ನೋಡುತ್ತಾರೆ. ಕಾರ್ಖಾನೆಯ ನೀರು ಬಿಟ್ಟಿರಬೇಕು ಎಂದು ಒಬ್ಬರು, ಯಾರೋ ಬೇಕೆಂದೇ ವಿಷ ಹಾಕಿರಬೇಕು ಎಂದು ಇನ್ನೊಬ್ಬರು. ವನ ಸತ್ತೇಹೋಯಿತು ಎಂಬ ತೀರ್ಮಾನಕ್ಕೆ ಬರುವವರೂ ಇದ್ದಾರೆ.

ಹತ್ತಿರ ಹೋಗಿ ಒಂದು ಎಲೆಯನ್ನು ಕೈಗೆತ್ತಿಕೊಂಡರೆ ಬೇರೆಯೇ ಕತೆ ತೆರೆದುಕೊಳ್ಳುತ್ತದೆ. ಎಲೆಯ ಮೃದುಭಾಗವನ್ನು ಯಾರೋ ಕೆರೆದು ತಿಂದಿರುತ್ತಾರೆ. ನರಗಳ ಜಾಲ ಮಾತ್ರ ಉಳಿದಿರುತ್ತದೆ. ಇದು ಹಿಬ್ಲಿಯಾ ಪ್ಯೂರಾ ಎಂದು ಗುರುತಿಸಲಾದ ಪತಂಗದ ಮರಿಹುಳುಗಳ ಕೆಲಸ. ತೇಗದ ಎಲೆಗಳನ್ನು ಬೋಳಾಗಿಸುವ ಹುಳುವೆಂದೇ ಈ ಪತಂಗ ಭಾರತದಲ್ಲಿ ಪ್ರಸಿದ್ಧ. ತೇಗ ಮತ್ತು ತಿವರ ನೋಡಲು ಒಂದಕ್ಕೊಂದು ಸಂಬಂಧವಿಲ್ಲದ ಮರಗಳು; ಆದರೆ ಈ ಹುಳುವಿಗೆ ಎರಡೂ ಊಟದೆಲೆಗಳೇ. ಕೆಲವು ವಾರಗಳಲ್ಲಿ ಮರಗಳು ಮತ್ತೆ ಚಿಗುರುತ್ತವೆ. ಖಾಡಿಯ ದಂಡೆ ಎಂದಿನಂತೆ ಹಸಿರಾಗುತ್ತದೆ.

ಒಂದು ಎಲೆಯ ಮೇಲಿನ ಗಾಯವನ್ನು ಸರಿಯಾಗಿ ಓದಿದರೆ ಒಂದು ವನದ ಸ್ಥಿತಿ ತಿಳಿಯುತ್ತದೆ. ಇದೇ ಓದನ್ನು ಕೋಟ್ಯಂತರ ವರ್ಷಗಳ ಹಿಂದಿನ ಎಲೆಗಳಿಗೂ ಅನ್ವಯಿಸುವ ಒಂದು ಶಾಸ್ತ್ರ ಬೆಳೆದು ಬಂದಿದೆ. ಅದರ ಪರಿಚಯ ಈ ಲೇಖನದ ಉದ್ದೇಶ.

ಗಾಯದ ಲಿಪಿ

ಕೀಟಗಳು ಎಲೆಯ ಮೇಲೆ ಬಿಡುವ ಗುರುತುಗಳನ್ನು ವಿಜ್ಞಾನಿಗಳು ಸ್ಥೂಲವಾಗಿ ಎಂಟು ಬಗೆಗಳಾಗಿ ವಿಂಗಡಿಸುತ್ತಾರೆ. ಎಲೆಯ ನಡುವೆ ತೂತು ಕೊರೆಯುವುದು, ಅಂಚಿನಿಂದ ಕಚ್ಚುತ್ತ ಬರುವುದು, ನರಗಳನ್ನು ಬಿಟ್ಟು ಉಳಿದುದನ್ನು ತಿನ್ನುವುದು, ಮೇಲ್ಪದರವನ್ನಷ್ಟೇ ಕೆರೆಯುವುದು, ಸೂಜಿಯಂಥ ಬಾಯಿಯಿಂದ ಚುಚ್ಚಿ ರಸ ಹೀರುವುದು, ಎಲೆಯ ಎರಡು ಪದರಗಳ ನಡುವೆ ಸುರಂಗ ತೋಡುವುದು, ಎಲೆಯಲ್ಲಿ ಗಂಟು ಎಬ್ಬಿಸುವುದು ಮತ್ತು ಎಲೆಯೊಳಗೆ ಮೊಟ್ಟೆ ಇಡುವುದು.

ಇವುಗಳಲ್ಲಿ ಹಲವನ್ನು ನಾವು ಮನೆಯಂಗಳದಲ್ಲಿ, ಫ್ಲ್ಯಾಟಿನ ಬಾಲ್ಕನಿಯಲ್ಲಿ ಕಂಡೇ ಇರುತ್ತೇವೆ. ನಿಂಬೆಯ ಎಳೆ ಎಲೆಯ ಮೇಲೆ ಬೆಳ್ಳಿಯ ಗೆರೆಯಂತೆ ಅಂಕುಡೊಂಕಾಗಿ ಸಾಗುವ ದಾರಿ ಒಂದು ಪುಟ್ಟ ಪತಂಗದ ಮರಿ ತೋಡಿದ ಸುರಂಗ. ಗುಲಾಬಿ ಎಲೆಯ ಅಂಚಿನಲ್ಲಿ ಕತ್ತರಿಯಿಂದ ಕತ್ತರಿಸಿದಂತೆ ಅರ್ಧಚಂದ್ರಾಕಾರ ಕಂಡರೆ ಅದು ಎಲೆ ಕತ್ತರಿಸುವ ಜೇನಿನ ಕೆಲಸ. ಅದು ಎಲೆಯನ್ನು ತಿನ್ನುವುದಿಲ್ಲ, ಗೂಡಿನ ಒಳಗೋಡೆಗೆ ಒಯ್ಯುತ್ತದೆ. ಮಾವಿನ ಎಲೆಯ ಮೇಲಿನ ಗುಳ್ಳೆಗಳನ್ನು ಎಬ್ಬಿಸುವುದು ಕಣ್ಣಿಗೆ ಕಾಣುವುದೇ ಕಷ್ಟವಾದ ಸಣ್ಣ ನೊಣ. ಹೊಂಗೆಯ ಎಲೆಯ ಗಂಟುಗಳಿಗೆ ಕಾರಣ ಅದಕ್ಕಿಂತಲೂ ಸಣ್ಣದಾದ ನುಸಿ. ಕುಂಡದ ಕರಿಬೇವನ್ನು ರಾತ್ರಿ ಬೆಳಗಾಗುವುದರೊಳಗೆ ಬರಿದು ಮಾಡುವ ಹಸಿರು ಹುಳು ಮುಂದೆ ಕಪ್ಪು ರೆಕ್ಕೆಯ ಚಿಟ್ಟೆಯಾಗಿ ಹಾರುತ್ತದೆ.

ಈ ಗುರುತುಗಳಲ್ಲಿ ಒಂದು ಮುಖ್ಯ ಭೇದವಿದೆ. ಸಿಕ್ಕಿದ ಎಲೆಯನ್ನೆಲ್ಲ ಕಚ್ಚುವ ಮಿಡತೆಯಂಥ ಕೀಟಗಳು ಒಂದು ಬಗೆ. ಒಂದೇ ಜಾತಿಯ ಗಿಡವನ್ನೋ ಹತ್ತಿರದ ಬಂಧುಗಳನ್ನೋ ನಂಬಿ ಬದುಕುವ ಕೀಟಗಳು ಇನ್ನೊಂದು ಬಗೆ. ಸುರಂಗ ಮತ್ತು ಗಂಟುಗಳು ಬಹುಮಟ್ಟಿಗೆ ಈ ಎರಡನೆಯ ಬಗೆಯ ಗುರುತುಗಳು. ಗಿಡ ಹೋದರೆ ಆ ಕೀಟವೂ ಹೋಯಿತು. ಆದುದರಿಂದ ಒಂದು ಕಾಡಿನ ಎಲೆಗಳಲ್ಲಿ ಸುರಂಗ, ಗಂಟುಗಳ ವೈವಿಧ್ಯ ಹೆಚ್ಚಿದ್ದರೆ ಗಿಡ ಮತ್ತು ಕೀಟಗಳ ನಡುವೆ ಹಳೆಯ, ಹೆಣೆದುಕೊಂಡ ಸಂಬಂಧಗಳು ಅಲ್ಲಿ ಉಳಿದಿವೆ ಎಂದು ತಿಳಿಯಬಹುದು. ಚುಕ್ಕೆಯೂ ಇಲ್ಲದ ಎಲೆಗಳ ಕಾಡು ಆರೋಗ್ಯವಂತ ಕಾಡು ಎಂಬ ನಮ್ಮ ಸಾಮಾನ್ಯ ಗ್ರಹಿಕೆ ಇಲ್ಲಿ ತಲೆಕೆಳಗಾಗುತ್ತದೆ.

ಕಲ್ಲಾದ ಎಲೆ

ಕೆರೆಯ ಅಥವಾ ಹೊಳೆಯ ಕೆಸರಿನಲ್ಲಿ ಬಿದ್ದ ಎಲೆಯ ಮೇಲೆ ಮತ್ತಷ್ಟು ಹೂಳು ಬೇಗನೆ ಕುಳಿತು, ಗಾಳಿಯ ಸಂಪರ್ಕ ತಪ್ಪಿದರೆ, ಎಲೆ ಕೊಳೆಯದೆ ಉಳಿಯುವುದುಂಟು. ಕೆಸರು ಕಾಲಕ್ರಮದಲ್ಲಿ ಶಿಲೆಯಾಗುತ್ತದೆ. ಪದರಗಳನ್ನು ಬಿಡಿಸಿದಾಗ ಎಲೆಯ ಅಚ್ಚು, ಅದರ ನರಗಳು, ಅಂಚಿನ ಹಲ್ಲುಗಳು ಕಾಣುತ್ತವೆ. ಹುಳುವಿನ ಶರೀರ ಪಳೆಯುಳಿಕೆಯಾಗಿ ದೊರೆಯುವುದು ಅಪರೂಪ. ಅದು ಕಚ್ಚಿದ ಗುರುತು ಮಾತ್ರ ಎಲೆಯೊಂದಿಗೆ ಉಳಿದುಬಿಡುತ್ತದೆ.

ಆ ತೂತು ಹುಳುವಿನದೋ, ಎಲೆ ಬಿದ್ದ ಮೇಲೆ ಹರಿದದ್ದೋ ಎಂಬ ಪ್ರಶ್ನೆ ಸಹಜ. ಇದಕ್ಕೆ ಉತ್ತರ ಎಲೆಯಲ್ಲಿಯೇ ಇದೆ. ಜೀವಂತ ಎಲೆಗೆ ಗಾಯವಾದಾಗ ಅದು ಗಾಯದ ಸುತ್ತ ದಪ್ಪನೆಯ ಕಟ್ಟೆ ಕಟ್ಟಿಕೊಳ್ಳುತ್ತದೆ, ನಮ್ಮ ಚರ್ಮದ ಮೇಲೆ ಹಕ್ಕಳೆ ಕಟ್ಟುವಂತೆ. ಪಳೆಯುಳಿಕೆಯಲ್ಲಿ ಈ ಕಟ್ಟೆ ಕಪ್ಪು ಗೆರೆಯಾಗಿ ಕಾಣಿಸುತ್ತದೆ. ಕಟ್ಟೆಯಿದ್ದರೆ ಎಲೆ ಬದುಕಿದ್ದಾಗಲೇ ಅದನ್ನು ತಿನ್ನಲಾಗಿತ್ತು ಎಂದರ್ಥ.

ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಕಾನ್ರಾಡ್ ಲಾಬಂಡೇರಾ, ಪೆನ್ಸಿಲ್ವೇನಿಯಾ ರಾಜ್ಯ ವಿಶ್ವವಿದ್ಯಾಲಯದ ಪೀಟರ್ ವಿಲ್ಫ್ ಮತ್ತು ಅವರ ಸಂಗಡಿಗರು ಇಂಥ ಗುರುತುಗಳಿಗೆ ಸಂಖ್ಯೆ ಕೊಟ್ಟು ಒಂದು ಕೈಪಿಡಿಯನ್ನು ರೂಪಿಸಿದರು. 2007ರ ಆವೃತ್ತಿ ವ್ಯಾಪಕವಾಗಿ ಬಳಕೆಗೆ ಬಂದಿತು. ಇದರಿಂದ ಯಾವ ದೇಶದ, ಯಾವ ಯುಗದ ಎಲೆಯನ್ನಾದರೂ ಒಂದೇ ಅಳತೆಗೋಲಿನಲ್ಲಿ ಅಳೆಯುವುದು ಸಾಧ್ಯವಾಯಿತು. ನಿಯಮ ಸರಳ: ಚೆಂದದ ಎಲೆಗಳನ್ನು ಆರಿಸಬಾರದು, ಒಂದು ಸ್ಥಳದಲ್ಲಿ ಸಿಕ್ಕಿದ, ಗುರುತಿಸಬಹುದಾದ ಎಲ್ಲ ಎಲೆಗಳನ್ನೂ ಎಣಿಸಬೇಕು. ತಿಂದ ಎಲೆಗಳೆಷ್ಟು, ತಿನ್ನದವೆಷ್ಟು, ಗುರುತಿನ ಬಗೆಗಳೆಷ್ಟು ಎಂದು ಬರೆಯಬೇಕು. ಬ್ಯಾಂಕಿನ ಲೆಕ್ಕದಂತೆಯೇ, ಹಿಡಿಸದ ನಮೂದನ್ನು ಬಿಟ್ಟುಬಿಟ್ಟರೆ ಒಟ್ಟು ಮೊತ್ತಕ್ಕೆ ಅರ್ಥವಿರುವುದಿಲ್ಲ.

ನಮ್ಮ ನೆಲದ ಸಾಕ್ಷಿಗಳು

ನವಿ ಮುಂಬಯಿಯ ಪೂರ್ವಕ್ಕಿರುವ ಪಾರ್ಸಿಕ್ ಗುಡ್ಡಗಳೂ ಮುಂಬಯಿ ದ್ವೀಪವೂ ದಖನ್ ಪ್ರಸ್ಥಭೂಮಿಯ ಲಾವಾ ಶಿಲೆಯಿಂದಾದವು. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದಿನ ಆಸುಪಾಸಿನಲ್ಲಿ ಪದರಪದರವಾಗಿ ಹರಿದ ಲಾವಾದಿಂದ ದಖನ್ನಿನ ಬಹುಭಾಗ ರೂಪುಗೊಂಡಿತು. ಮುಂಬಯಿಯ ಶಿಲೆಗಳಲ್ಲಿ ಹಲವು ಅದಕ್ಕಿಂತ ತುಸು ಈಚಿನವು. ಎರಡು ಹರಿವುಗಳ ನಡುವಿನ ವಿರಾಮದಲ್ಲಿ ಕೆರೆಗಳಾದವು, ಗಿಡಗಳು ಬೆಳೆದವು, ಪ್ರಾಣಿಗಳು ಬಂದವು. ಮುಂದಿನ ಹರಿವು ಅವನ್ನೆಲ್ಲ ಮುಚ್ಚಿತು. ಮುಂಬಯಿಯ ವರಳಿ ಗುಡ್ಡದ ಇಂಥ ಪದರದಿಂದ ದೊರೆತ ಪುಟ್ಟ ಕಪ್ಪೆಗಳ ಪಳೆಯುಳಿಕೆಯನ್ನು ರಿಚರ್ಡ್ ಓವೆನ್ 1847ರಲ್ಲಿ ವರ್ಣಿಸಿದ. ವಿದರ್ಭ ಮತ್ತು ಮಧ್ಯಪ್ರದೇಶದ ಇಂಥ ಪದರಗಳಲ್ಲಿ ತಾಳೆ ಜಾತಿಯ ಮರಗಳು, ಹಣ್ಣು, ಬೀಜ, ಎಲೆಗಳು ಹೇರಳವಾಗಿ ದೊರೆತಿವೆ. ಪ್ರೊಫೆಸರ್ ಬೀರಬಲ್ ಸಾಹನಿಯವರು ಇವುಗಳ ಆಧಾರದಿಂದ ದಖನ್ ಲಾವಾದ ವಯಸ್ಸಿನ ಕುರಿತು 1934ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಚರ್ಚಿಸಿದ್ದರು. ಅವರು 1946ರಲ್ಲಿ ಲಖನೌದಲ್ಲಿ ಸ್ಥಾಪಿಸಿದ ಸಂಸ್ಥೆ ಇಂದಿಗೂ ಪ್ರಾಚೀನ ಸಸ್ಯಗಳ ಅಧ್ಯಯನದ ಪ್ರಮುಖ ಕೇಂದ್ರ.

ಇನ್ನೂ ಹಿಂದಕ್ಕೆ ಹೋದರೆ ನಮ್ಮ ಕಲ್ಲಿದ್ದಲ ಗಣಿಗಳ ಗ್ಲಾಸಾಪ್ಟೆರಿಸ್ ಎಲೆಗಳು ಸಿಗುತ್ತವೆ. ನಾಲಿಗೆಯಾಕಾರದ ಈ ಎಲೆಗಳ ಗಿಡ 25 ಕೋಟಿ ವರ್ಷಗಳಿಗೂ ಹಿಂದೆ, ಭಾರತ, ಆಫ್ರಿಕಾ, ಆಸ್ಟ್ರೇಲಿಯಾ, ಅಂಟಾರ್ಕ್ಟಿಕಾಗಳು ಒಂದಾಗಿದ್ದ ಗೊಂಡ್ವಾನಾ ಖಂಡದಲ್ಲಿ ಬೆಳೆದಿತ್ತು. ಹೂಬಿಡುವ ಗಿಡಗಳಾಗಲಿ ಚಿಟ್ಟೆಗಳಾಗಲಿ ಇನ್ನೂ ಹುಟ್ಟದಿದ್ದ ಕಾಲವದು. ಆ ಎಲೆಗಳ ಅಂಚಿನಲ್ಲಿಯೂ ಕೀಟ ಕಚ್ಚಿದ ಗುರುತುಗಳನ್ನು ಲಖನೌ ಸಂಸ್ಥೆಯ ವಿಜ್ಞಾನಿಗಳು ದಾಖಲಿಸಿದ್ದಾರೆ.

ಈಚಿನ ಕಾಲಕ್ಕೆ ಬಂದರೆ, ಅರುಣಾಚಲ ಪ್ರದೇಶದ ಶಿವಾಲಿಕ್ ಪದರಗಳ ಎಲೆಗಳನ್ನು ಕಲ್ಕತ್ತಾ ವಿಶ್ವವಿದ್ಯಾಲಯದ ಸುಬೀರ್ ಬೇರಾ, ಮಹಾಸಿನ್ ಅಲಿ ಖಾನ್ ಮತ್ತು ಬ್ರಿಟನ್ನಿನ ರಾಬರ್ಟ್ ಸ್ಪೈಸರ್ ಮೊದಲಾದವರು ಅಭ್ಯಸಿಸಿ 2014ರಲ್ಲಿ ಪ್ರಕಟಿಸಿದ ಲೇಖನ ಗಮನಾರ್ಹ. ಹಿಮಾಲಯ ಏರುತ್ತಿದ್ದ ಕಾಲದ ಆ ಬೆಚ್ಚನೆಯ, ತೇವದ ಕಾಡಿನಲ್ಲಿ ಎಲೆಗಳನ್ನು ತಿನ್ನುವ ಕೀಟಗಳ ಬಗೆ ಬಗೆಯ ಗುರುತುಗಳು ಅಲ್ಲಿ ದೊರೆತವು.

ದಕ್ಷಿಣ ಕನ್ನಡ, ಉಡುಪಿಗಳಿಂದ ಬಂದ ನಮ್ಮ ಓದುಗರಿಗೆ ಹತ್ತಿರವೆನಿಸುವ ಇನ್ನೊಂದು ಸಾಕ್ಷಿಯಿದೆ. ಗುಜರಾತಿನ ಸೂರತ್ ಜಿಲ್ಲೆಯ ವಸ್ತಾನ್ ಕಲ್ಲಿದ್ದಲ ಗಣಿಯಲ್ಲಿ ಸುಮಾರು 5 ಕೋಟಿ ವರ್ಷಗಳಷ್ಟು ಹಳೆಯ, ಗಟ್ಟಿಗೊಂಡ ಮರದ ರಾಳದ ತುಣುಕುಗಳು ಸಿಕ್ಕಿವೆ. ಅಂಬರ್ ಎಂದು ಕರೆಯುವ ಈ ರಾಳದೊಳಗೆ ಸಿಕ್ಕಿಬಿದ್ದ 700ಕ್ಕೂ ಹೆಚ್ಚು ಕೀಟ, ಜೇಡ ಮೊದಲಾದ ಜೀವಿಗಳ ವರದಿ 2010ರಲ್ಲಿ ಪ್ರಕಟವಾಯಿತು. ರಾಳದ ರಾಸಾಯನಿಕ ಗುಣವನ್ನು ಪರೀಕ್ಷಿಸಿದಾಗ ಅದು ಡಿಪ್ಟೆರೋಕಾರ್ಪ್ ಕುಟುಂಬದ ಮರದ್ದೆಂದು ತಿಳಿಯಿತು. ನಮ್ಮ ಕರಾವಳಿಯ ಸಾಲುಧೂಪದ ಮರ ಅದೇ ಕುಟುಂಬದ್ದು. ಇಂದು ಅಂಥ ನಿತ್ಯಹಸಿರಿನ ಕಾಡೇ ಇಲ್ಲದ ಸೂರತ್ ಸೀಮೆಯಲ್ಲಿ ಅಂದು ಧೂಪದ ಬಂಧುಗಳು ಬೆಳೆದಿದ್ದವು, ಕೀಟಗಳ ಹಾವಳಿಗೆ ರಾಳ ಸುರಿಸುತ್ತಿದ್ದವು. ನಾವು ದೇವರ ಮುಂದೆ ಉರಿಸುವ ಧೂಪ, ಮೂಲದಲ್ಲಿ, ಮರವೊಂದು ತನ್ನ ಗಾಯಕ್ಕೆ ಹಚ್ಚಿಕೊಂಡ ಔಷಧ.

ಎರಡು ಆಪತ್ತುಗಳ ದಾಖಲೆ

ಎಲೆಗಳ ಗಾಯ ಭೂಮಿಯ ದೊಡ್ಡ ಆಪತ್ತುಗಳನ್ನೂ ದಾಖಲಿಸಿದೆ. ಡೈನೋಸಾರ್‌ಗಳು ಅಳಿದ ಕಾಲದ ಹಿಂದು ಮುಂದಿನ 13,000ಕ್ಕೂ ಹೆಚ್ಚು ಸಸ್ಯ ಪಳೆಯುಳಿಕೆಗಳನ್ನು ಉತ್ತರ ಅಮೆರಿಕದಲ್ಲಿ ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಸಿಕ್ಕಿದ್ದನ್ನು ತಿನ್ನುವ ಕೀಟಗಳ ಗುರುತುಗಳು ಆಪತ್ತಿನ ನಂತರವೂ ಮುಂದುವರಿದವು. ಒಂದೇ ಗಿಡವನ್ನು ನಂಬಿದ ಕೀಟಗಳ ಗುರುತುಗಳು ಬಹುಮಟ್ಟಿಗೆ ಕಾಣೆಯಾದವು. ಆ ಪ್ರದೇಶದ ಕಾಡುಗಳು ಹಳೆಯ ಸಂಬಂಧಗಳನ್ನು ಮತ್ತೆ ನೇಯ್ದುಕೊಳ್ಳಲು ಲಕ್ಷಾಂತರ ವರ್ಷಗಳು ಬೇಕಾದವು.

ಎರಡನೆಯದು ಸುಮಾರು 5 ಕೋಟಿ 60 ಲಕ್ಷ ವರ್ಷಗಳ ಹಿಂದಿನ ಘಟನೆ. ವಾತಾವರಣದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಭೂಮಿಯ ಉಷ್ಣತೆ ಸುಮಾರು 5 ಡಿಗ್ರಿ ಸೆಲ್ಸಿಯಸ್ ಹೆಚ್ಚಿತ್ತು. ಎಲೆನ್ ಕುರಾನೊ ಮತ್ತು ಸಂಗಡಿಗರು ಅಮೆರಿಕದ ವಯೋಮಿಂಗ್ ರಾಜ್ಯದ 5,062 ಪಳೆಯುಳಿಕೆ ಎಲೆಗಳನ್ನು ಎಣಿಸಿ 2008ರಲ್ಲಿ ಫಲಿತಾಂಶ ನೀಡಿದರು. ಬಿಸಿಯೇರುವ ಮುನ್ನ ನೂರಕ್ಕೆ 15ರಿಂದ 38 ಎಲೆಗಳಲ್ಲಿ ಕೀಟದ ಗಾಯವಿದ್ದರೆ, ಬಿಸಿಯ ಕಾಲದಲ್ಲಿ ಅದು 57ಕ್ಕೆ ಏರಿತ್ತು. ಬಿಸಿಯೇರಿದಂತೆ ಕೀಟಗಳು ಹೊಸ ನೆಲೆಗಳಿಗೆ ಹಬ್ಬುತ್ತವೆ. ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ ಎಲೆಯಲ್ಲಿ ಪೋಷಕಾಂಶದ ಪ್ರಮಾಣ ಕುಗ್ಗಿ, ಹೊಟ್ಟೆ ತುಂಬಲು ಹುಳು ಹೆಚ್ಚು ತಿನ್ನಬೇಕಾಗುತ್ತದೆ ಎಂಬುದು ಇದಕ್ಕೆ ನೀಡಲಾಗುವ ವಿವರಣೆ.

ಇಂದಿನ ಎಲೆಗಳು ಹೇಳುವುದೇನು

ಹಳೆಯ ಎಲೆಗಳೊಂದಿಗೆ ಇಂದಿನ ಎಲೆಗಳನ್ನು ಹೋಲಿಸಿದ ಮಹತ್ವದ ಅಧ್ಯಯನ 2022ರಲ್ಲಿ ಬಂದಿತು. ಲಾರೆನ್ ಅಝೆವೆಡೊ ಶ್ಮಿಟ್, ಎಮಿಲಿ ಮೈನೆಕೆ ಮತ್ತು ಎಲೆನ್ ಕುರಾನೊ ಅವರು ಅಮೆರಿಕದ ಎರಡು ಕಾಡುಗಳು ಮತ್ತು ಕೋಸ್ಟರಿಕಾದ ಒಂದು ಮಳೆಕಾಡಿನಲ್ಲಿ, ಕೆಸರಿನಲ್ಲಿ ಹೂತ ಈಚಿನ ದಶಕಗಳ ಎಲೆಗಳನ್ನು ತೆಗೆದರು. ಪಳೆಯುಳಿಕೆಯಾಗುವ ಎಲೆಗಳೂ ಕೆಸರಿನಲ್ಲಿಯೇ ಹೂತವಾದುದರಿಂದ ಹೋಲಿಕೆ ನ್ಯಾಯಯುತವಾಗಲಿ ಎಂಬುದು ಇದರ ಉದ್ದೇಶ. ಸುಮಾರು 6 ಕೋಟಿ 70 ಲಕ್ಷ ವರ್ಷಗಳ ಅವಧಿಯ 64 ಪಳೆಯುಳಿಕೆ ನೆಲೆಗಳೊಂದಿಗೆ ಹೋಲಿಸಿದಾಗ, ಇಂದಿನ ಎಲೆಗಳಲ್ಲಿ ಕೀಟದ ಗಾಯ ಎದ್ದು ಕಾಣುವಷ್ಟು ಹೆಚ್ಚಿತ್ತು. ಪ್ರಪಂಚದ ಹಲವೆಡೆ ಕೀಟಗಳ ಸಂಖ್ಯೆ ಕುಸಿಯುತ್ತಿದೆ ಎಂಬ ವರದಿಗಳ ನಡುವೆ ಈ ಫಲಿತಾಂಶ ಅಚ್ಚರಿ ತರುವಂಥದು. ಬಿಸಿಯೇರುವಿಕೆ, ಹೊರನಾಡಿನ ಕೀಟಗಳ ಆಗಮನ, ನಗರಗಳ ವಿಸ್ತರಣೆ ಮೊದಲಾದ ಮಾನವಕೃತ ಕಾರಣಗಳತ್ತ ಲೇಖಕರು ಬೊಟ್ಟು ಮಾಡುತ್ತಾರೆ.

ಕಲ್ಲಾದ ಎಲೆಗೂ ಹಸಿ ಎಲೆಗೂ ನಡುವೆ ಇನ್ನೊಂದು ಭಂಡಾರವಿದೆ: ಒಣಗಿಸಿ ಕಾಗದಕ್ಕೆ ಅಂಟಿಸಿದ ಗಿಡಗಳ ಸಂಗ್ರಹ. ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ 1906ರಲ್ಲಿ ಆರಂಭವಾದ ಬ್ಲಾಟರ್ ಸಂಗ್ರಹ ಅಂಥದು. ‘ಹಾಸನ ಜಿಲ್ಲೆಯ ಸಸ್ಯಸಂಪತ್ತು’ ಕುರಿತ ಇಂಗ್ಲಿಷ್ ಗ್ರಂಥವನ್ನು 1976ರಲ್ಲಿ ಹೊರತಂದ ಸೆಸಿಲ್ ಸಲ್ಡಾನ ಅವರ ಶ್ರಮದ ಸಂಗ್ರಹ ಬೆಂಗಳೂರಿನಲ್ಲಿದೆ. ಗಿಡದ ಹೆಸರು ತಿಳಿಯಲೆಂದು ಇಟ್ಟ ಈ ಹಾಳೆಗಳಲ್ಲಿ ಹುಳುವಿನ ಗಾಯವೂ ದಿನಾಂಕ, ಸ್ಥಳಗಳ ಸಹಿತ ಉಳಿದಿರುತ್ತದೆ. ಅಮೆರಿಕದ ಈಶಾನ್ಯ ಭಾಗದ ಇಂಥ ಹಾಳೆಗಳನ್ನು ಮೈನೆಕೆ ಮತ್ತು ಸಂಗಡಿಗರು ಪರಿಶೀಲಿಸಿದಾಗ, 1900ರ ಆರಂಭದ ವರ್ಷಗಳಿಗಿಂತ 2000ದ ಆರಂಭದ ವರ್ಷಗಳ ಮಾದರಿಗಳಲ್ಲಿ ಗಾಯದ ಸಂಭವ ಶೇಕಡಾ 23ರಷ್ಟು ಹೆಚ್ಚಿತ್ತು.

ಕಾಡು ಮತ್ತು ನೆಡುತೋಪು

ಕೀಟದ ಗಾಯ ಎಲ್ಲೆಡೆಯೂ ಒಂದೇ ಅರ್ಥ ಕೊಡುವುದಿಲ್ಲ. ಕೇರಳದ ನಿಲಂಬೂರಿನಲ್ಲಿ 1840ರ ದಶಕದಲ್ಲಿ ತೇಗದ ನೆಡುತೋಪು ಆರಂಭವಾಯಿತು. ಅಲ್ಲಿ ಕೇರಳ ಅರಣ್ಯ ಸಂಶೋಧನಾ ಸಂಸ್ಥೆ 1980ರ ದಶಕದಲ್ಲಿ ನಡೆಸಿದ ಅಧ್ಯಯನದಂತೆ, ನಮ್ಮ ಖಾಡಿಯ ತಿವರವನ್ನು ತಿನ್ನುವ ಅದೇ ಹಿಬ್ಲಿಯಾ ಹುಳು ಎಳೆಯ ತೇಗದ ಮರಗಳ ಬೆಳವಣಿಗೆಯಲ್ಲಿ ನೂರಕ್ಕೆ 44 ಭಾಗವನ್ನು ಕುಂಠಿಸುತ್ತಿತ್ತು. ಒಂದೇ ಜಾತಿಯ ಮರವನ್ನು ಮೈಲಿಗಟ್ಟಲೆ ನೆಟ್ಟಾಗ ಹುಳುವಿಗೆ ಹಬ್ಬದೂಟ ಬಡಿಸಿದಂತಾಗುತ್ತದೆ.

ಕರ್ನಾಟಕದ ನೀಲಗಿರಿ ತೋಪುಗಳ ಕತೆ ಇದರ ಇನ್ನೊಂದು ಮುಖ. ಆಸ್ಟ್ರೇಲಿಯಾದ ಈ ಮರವನ್ನು ನಮ್ಮ ಕೀಟಗಳು ಅಷ್ಟಾಗಿ ಮುಟ್ಟುತ್ತಿರಲಿಲ್ಲ. ಶುಚಿಯಾದ ಎಲೆಗಳು ಅದರ ಗುಣವೆನಿಸಿದ್ದವು. 2000ದ ದಶಕದ ಆರಂಭದಲ್ಲಿ ಮಂಡ್ಯ ಜಿಲ್ಲೆಯಲ್ಲಿ ಎಲೆಯ ನಡುನರ, ತೊಟ್ಟುಗಳಲ್ಲಿ ಗಂಟುಗಳೇಳುವ ರೋಗ ಕಾಣಿಸಿತು. ಕಾರಣ, ಆಸ್ಟ್ರೇಲಿಯಾ ಮೂಲದ ಒಂದು ಪುಟ್ಟ ಕಣಜ. ವಿಜ್ಞಾನ ಅದಕ್ಕೆ ಹೆಸರಿಟ್ಟದ್ದೇ 2004ರಲ್ಲಿ. ತನ್ನ ಸಹಜ ಶತ್ರುಗಳನ್ನು ಹಿಂದೆ ಬಿಟ್ಟು ಬಂದ ಆ ಕಣಜ ತೋಪಿನಿಂದ ತೋಪಿಗೆ ಹಬ್ಬಿತು.

ಹಳೆಯ ಕಾಡಿನಲ್ಲಿ ಲೆಕ್ಕಾಚಾರ ಬೇರೆ. ಪಶ್ಚಿಮ ಘಟ್ಟದ ಹಂಬೋಲ್ಟಿಯಾ ಬ್ರುನೋನಿಸ್ ಎಂಬ ಗಿಡದ ಕೆಲವು ಗೆಣ್ಣುಗಳು ಟೊಳ್ಳು. ಅವುಗಳಲ್ಲಿ ಇರುವೆಗಳು ಮನೆ ಮಾಡುತ್ತವೆ. ಗಿಡ ತನ್ನ ಎಳೆ ಎಲೆಗಳ ಮೇಲೆ ಅವುಗಳಿಗೆ ಸಿಹಿರಸವನ್ನೂ ಒಸರಿಸುತ್ತದೆ. ಪ್ರತಿಯಾಗಿ ಕೆಲವು ಇರುವೆಗಳು ಎಲೆ ತಿನ್ನುವ ಹುಳುಗಳನ್ನು ಓಡಿಸುತ್ತವೆ. ಇನ್ನು ಕೆಲವು ಬಾಡಿಗೆ ಕೊಡದ ಒಕ್ಕಲುಗಳಂತೆ ಸುಮ್ಮನೆ ಇದ್ದುಬಿಡುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜೆಸ್ ಮತ್ತು ಅವರ ವಿದ್ಯಾರ್ಥಿಗಳು ಈ ಸಂಬಂಧವನ್ನು ಹಲವು ವರ್ಷ ಅಭ್ಯಸಿಸಿದ್ದಾರೆ. ತಿನ್ನುವವರು, ತಡೆಯುವವರು, ತಿನ್ನುವವರನ್ನು ತಿನ್ನುವವರು ಎಲ್ಲರೂ ಇರುವ ಕಾಡಿನಲ್ಲಿ ಯಾರ ಕೈಯೂ ಬಹುಕಾಲ ಮೇಲಾಗುವುದಿಲ್ಲ.

ಖಾಡಿಯ ದಂಡೆಗೆ ಮರಳಿ

ಈ ತಿಳಿವಳಿಕೆ ನಮ್ಮ ಊರಿಗೆ ಏಕೆ ಬೇಕು? ಥಾಣೆ ಖಾಡಿಯ ಒಂದು ಭಾಗ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಯಿತು. 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗುಭೂಮಿಗಳ ಪಟ್ಟಿಗೂ ಸೇರಿತು. ಕಾಂಡ್ಲಾ ವನಗಳ ನಾಶವನ್ನು ತಡೆದು ಮುಂಬಯಿ ಉಚ್ಚ ನ್ಯಾಯಾಲಯ 2005ರಲ್ಲಿ ಆದೇಶವಿತ್ತು, 2018ರಲ್ಲಿ ಅಂತಿಮ ತೀರ್ಪು ನೀಡಿತು. ಆದರೂ ಒಣಗಿದ ವನವನ್ನು ‘ಹೇಗೂ ಸತ್ತ ಜಾಗ’ ಎಂದು ಕಾಣುವ ಮನೋಭಾವ ಅಳಿದಿಲ್ಲ. ಆದುದರಿಂದ ಕಂದುಬಣ್ಣದ ಕಾರಣವನ್ನು ಗುರುತಿಸುವುದು ನಾಗರಿಕರಿಗೂ ಅಗತ್ಯ.

ಎಲೆಯಲ್ಲಿ ನರಗಳ ಜಾಲ ಮಾತ್ರ ಉಳಿದಿದ್ದರೆ, ರೆಂಬೆಗಳು ಹಸಿಯಾಗಿದ್ದರೆ, ಕೆಲವು ವಾರಗಳಲ್ಲಿ ಚಿಗುರು ಮೂಡಿದರೆ ಅದು ಹುಳುವಿನ ಕೆಲಸ. ಆಗ ಮಾಡಬೇಕಾದುದು ಏನೂ ಇಲ್ಲ. ಔಷಧ ಸಿಂಪಡಿಸಿದರೆ ಹುಳುವಿನ ಜೊತೆಗೆ ಏಡಿ, ಸಿಗಡಿ, ಮೀನುಮರಿಗಳಿಗೂ ಕೇಡು. ಹುಳುಗಳು ಹಕ್ಕಿಗಳಿಗೆ ಆಹಾರ, ಅವುಗಳ ಹಿಕ್ಕೆ ಕೆಸರಿಗೆ ಗೊಬ್ಬರ. ಆದರೆ ಎಲೆಗಳಲ್ಲಿ ಕಚ್ಚಿದ ಗುರುತಿಲ್ಲದೆ, ಇಡಿಯಾಗಿ ಹಳದಿಯಾಗಿ ಉದುರಿ, ರೆಂಬೆಗಳು ಮುರಿದರೆ ಪುಡಿಯಾಗುವಂತಿದ್ದು, ಚಿಗುರೇ ಬಾರದಿದ್ದರೆ ಭರತದ ನೀರು ಬರುವ ದಾರಿಗೆ ಮಣ್ಣು ಸುರಿದು ಅಡ್ಡಗಟ್ಟಿರುವ ಸಾಧ್ಯತೆಯನ್ನು ಪರಿಶೀಲಿಸಬೇಕು; ಮಹಾರಾಷ್ಟ್ರ ಅರಣ್ಯ ಇಲಾಖೆಯ ಕಾಂಡ್ಲಾ ವನ ವಿಭಾಗಕ್ಕೆ ದೂರು ನೀಡಬೇಕು. ಹುಳು ತಿಂದ ವನ ತಾನೇ ಚಿಗುರುತ್ತದೆ. ನೀರು ತಪ್ಪಿದ ವನ ಚಿಗುರುವುದಿಲ್ಲ.

ಮನೆಯ ಮಕ್ಕಳೊಂದಿಗೆ ಮಾಡಬಹುದಾದ ಸಣ್ಣ ಪ್ರಯೋಗವೊಂದುಂಟು. ಒಂದು ಹೊಂಗೆಯ ಮರದಡಿಯಿಂದ, ಆರಿಸದೆ, 100 ಎಲೆಗಳನ್ನು ಹೆಕ್ಕಿ ತಿಂದವೆಷ್ಟು, ಗಂಟಿನವೆಷ್ಟು, ಸುರಂಗದವೆಷ್ಟು ಎಂದು ಎಣಿಸಿ, ದಿನಾಂಕ ಮತ್ತು ಸ್ಥಳದೊಂದಿಗೆ ಬರೆದಿಡುವುದು. ಪ್ರತಿವರ್ಷ ಅದೇ ತಿಂಗಳಲ್ಲಿ, ಅದೇ ಮರದಡಿ ಹಾಗೆ ಮಾಡಿದರೆ ಹತ್ತು ವರ್ಷಗಳಲ್ಲಿ ಒಂದು ಬೀದಿಯ ಚರಿತ್ರೆ ಕೈಸೇರುತ್ತದೆ. ಬಾಲ್ಕನಿಯ ಕರಿಬೇವಿನಲ್ಲಿ ಹಸಿರು ಹುಳು ಕಂಡಾಗ ಅದನ್ನು ಕಿತ್ತೆಸೆಯುವ ಮುನ್ನ, ಒಗ್ಗರಣೆಗೆ ನಾಲ್ಕು ಎಸಳು ಉಳಿದಿವೆಯೇ ಎಂದು ನೋಡಿ, ಉಳಿದಿದ್ದರೆ ಅದರ ಪಾಲನ್ನು ಅದಕ್ಕೆ ಬಿಡಬಹುದು.